ನಲವತ್ತು ದಾಟಿ ಎಡ್‌ಟೆಕ್‌ಗೆ ಹೊರಟಿದ್ದೀರಾ? ಕೋರ್ಸಿನ ಪ್ರಾಜೆಕ್ಟ್‌ಗಳನ್ನು ಹೀಗೆ ಯೋಜಿಸಿ

"ಹದಿನೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ್ದೇನೆ, ಈಗ ಎಜುಕೇಶನಲ್ ಟೆಕ್ನಾಲಜಿ (ಎಡ್‌ಟೆಕ್) ಎಂ.ಎ.ಗೆ ಸೇರಿದ್ದೇನೆ, ಪ್ರಾಜೆಕ್ಟ್‌ಗೆ ಯಾವ ಟಾಪಿಕ್ ತಗೊಳ್ಳಲಿ?" ಊರು ಬದಲಾಗುತ್ತದೆ, ಹಳೆಯ ಕೆಲಸ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಕೇಳುವವರಲ್ಲಿ ಬ್ಯಾಂಕಿನವರಿದ್ದಾರೆ, ನರ್ಸಿಂಗ್ ಕಾಲೇಜಿನವರಿದ್ದಾರೆ, ಐಟಿ ಸಾಕಾಯಿತು ಎನ್ನುವವರಂತೂ ಜಾಸ್ತಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಮೊದಲು ಒಂದು ಮಾತು. ಡಿಗ್ರಿ ಮುಗಿಸಿ ನೇರ ಎಂ.ಎ.ಗೆ ಬಂದ ಹುಡುಗ ಹುಡುಗಿಯರಿಗೆ ಪ್ರಾಜೆಕ್ಟ್ ಎಂದರೆ ಅಂಕ. ನಿಮಗೆ ಹಾಗಲ್ಲ. ನಿಮ್ಮ ರೆಸ್ಯೂಮೆಯಲ್ಲಿ ಬೇರೆ ಕೆಲಸದ ಅನುಭವ ರಾಶಿ ಇದೆ, ಈ ಕೆಲಸದ ಅನುಭವ ಒಂದು ಸಾಲೂ ಇಲ್ಲ. ಆ ಸಾಲನ್ನು ತುಂಬುವುದು ಕೋರ್ಸಿನಲ್ಲಿ ಮಾಡುವ ಮೂರೋ ನಾಲ್ಕೋ ಪ್ರಾಜೆಕ್ಟ್‌ಗಳು ಮಾತ್ರ. ಹಾಗಾಗಿ ಹಳೆಯ ಕೆಲಸವನ್ನು ಬಚ್ಚಿಟ್ಟು ಹೊಸಬರಂತೆ ನಿಲ್ಲಬೇಡಿ. ಅದನ್ನೇ ಬಂಡವಾಳ ಮಾಡಿಕೊಳ್ಳಿ. ಮುಂದೆ ಬರೆದಿರುವುದೆಲ್ಲ ಇದರ ವಿಸ್ತರಣೆ ಅಷ್ಟೇ.

ಶುರು ಮಾಡುವ ಮುಂಚೆ ಬೇಕಾದದ್ದು

ನಿಮ್ಮ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಕೈಪಿಡಿ ಬೇಕು. ಓದಿಲ್ಲದಿದ್ದರೆ ಈಗಲೇ ಓದಿ. ಸಿನಾಪ್ಸಿಸ್, ಅಂದರೆ ಏನು ಮಾಡುತ್ತೀರಿ ಎಂಬ ಮೂರ್ನಾಲ್ಕು ಪುಟದ ಮುನ್ನೋಟ, ಅದಕ್ಕೆ ಒಪ್ಪಿಗೆ ಸಿಗುವ ಮೊದಲೇ ಮಾಡಿದ ಕೆಲಸವನ್ನು ಹಲವು ಕಡೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ನಿಮ್ಮ ಪಾಠವನ್ನು ನಿಜವಾಗಿ ಬಳಸುವ ಜಾಗದಲ್ಲಿ, ಶಾಲೆಯೋ ಆಸ್ಪತ್ರೆಯೋ ಬ್ರಾಂಚೋ, ಪರಿಚಯದ ಒಬ್ಬರು ಬೇಕು. ಇದು ಲ್ಯಾಪ್‌ಟಾಪ್‌ಗಿಂತ ಮುಖ್ಯ.

ಆಮೇಲೆ ಸಮಯದ ಲೆಕ್ಕ. ಮನೆ, ಕೆಲಸ ಎರಡನ್ನೂ ನೋಡಿಕೊಂಡು ವಾರಕ್ಕೆ 6 ಗಂಟೆ ಸಿಗುತ್ತದೆ ಎಂದುಕೊಳ್ಳಿ. 16 ವಾರದ ಸೆಮಿಸ್ಟರಿಗೆ 96 ಗಂಟೆ. ಅದರಲ್ಲಿ ಮೂರನೇ ಒಂದು ಭಾಗವನ್ನು ಈಗಲೇ ಹೊಡೆದುಹಾಕಿ. ಮದುವೆ, ಜ್ವರ, ಮಕ್ಕಳ ಪರೀಕ್ಷೆ, ಅತ್ತೆಯವರ ಆಸ್ಪತ್ರೆ, ಎಲ್ಲವೂ ಅದೇ ಸೆಮಿಸ್ಟರಿನಲ್ಲೇ ಬರುತ್ತವೆ. ಉಳಿದದ್ದು 64 ಗಂಟೆ. ನಾನಾದರೆ ಇದನ್ನು ಹೀಗೆ ಹಂಚುತ್ತೇನೆ: ಸಮಸ್ಯೆ ಅರಿಯಲು 10, ವಿನ್ಯಾಸಕ್ಕೆ 8, ತಯಾರಿಗೆ 20, ಪ್ರಯೋಗಕ್ಕೆ 10, ಬರವಣಿಗೆಗೆ 16. 64ರಲ್ಲಿ ಹಿಡಿಸದ ಪ್ರಾಜೆಕ್ಟ್ ನಿಮ್ಮದಲ್ಲ, ಬಿಟ್ಟುಬಿಡಿ.

1. ಮೊದಲು ಕೆಲಸದ ಜಾಹೀರಾತು ಓದಿ, ಆಮೇಲೆ ಟಾಪಿಕ್

ಎಡ್‌ಟೆಕ್ ಎಂದರೆ ಆ್ಯಪ್ ಕಂಪನಿ ಎಂದು ಬಹಳ ಜನ ತಿಳಿದಿದ್ದಾರೆ. 2024ರ ಜುಲೈಯಲ್ಲಿ ಅಂಥದ್ದೇ ದೊಡ್ಡ ಕಂಪನಿ ಬೈಜೂಸ್ ಬೆಂಗಳೂರಿನ ಎನ್‌ಸಿಎಲ್‌ಟಿಯಲ್ಲಿ (ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿ) ದಿವಾಳಿ ಪ್ರಕ್ರಿಯೆಗೆ ಹೋದ ಮೇಲೆ "ಈ ಕ್ಷೇತ್ರವೇ ಮುಳುಗಿತು" ಎಂದವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ದೊಡ್ಡ ಕಂಪನಿಗಳ ತರಬೇತಿ ವಿಭಾಗಗಳು, ಆಸ್ಪತ್ರೆಗಳು, ಬ್ಯಾಂಕುಗಳು, ವಿಶ್ವವಿದ್ಯಾಲಯಗಳ ಆನ್‌ಲೈನ್ ವಿಭಾಗಗಳು, ಶಿಕ್ಷಕರ ತರಬೇತಿ ನಡೆಸುವ ಸಂಸ್ಥೆಗಳು, ಎಲ್ಲ ಕಡೆ ಈ ಕೆಲಸ ಇದೆ. ಹೆಸರು ಮಾತ್ರ ಬೇರೆ ಬೇರೆ. ಇನ್‌ಸ್ಟ್ರಕ್ಷನಲ್ ಡಿಸೈನರ್ ಎಂದರೆ ಯಾರು, ಏನನ್ನು, ಯಾವ ಕ್ರಮದಲ್ಲಿ ಕಲಿಯಬೇಕು ಎಂದು ಯೋಜಿಸಿ ಪಾಠ ರೂಪಿಸುವವರು. ಎಲ್‌ಎಂಎಸ್ ಅಡ್ಮಿನ್ ಎಂದರೆ ಪಾಠ, ಹಾಜರಿ, ಅಂಕ ಎಲ್ಲವೂ ಇರುವ ಮೂಡಲ್‌ನಂಥ ವ್ಯವಸ್ಥೆಯನ್ನು ನಡೆಸುವವರು.

ನಿಮಗೆ ಇಷ್ಟವಾದ ಐದಾರು ಜಾಹೀರಾತು ಹುಡುಕಿ. ಅದರಲ್ಲಿ "ಕೆಲಸದ ಮಾದರಿ ಕಳುಹಿಸಿ" ಎಂದು ಏನೇನು ಕೇಳಿದ್ದಾರೆ ಎಂದು ಗುರುತು ಹಾಕಿಕೊಳ್ಳಿ. ಸ್ಟೋರಿಬೋರ್ಡ್ ಕೇಳಿದ್ದಾರಾ (ತೆರೆಯ ಮೇಲೆ ಯಾವಾಗ ಏನು ಕಾಣಬೇಕು, ಏನು ಕೇಳಿಸಬೇಕು ಎಂದು ಬರೆದ ಪಟ್ಟಿ)? ತರಬೇತಿಯಿಂದ ಏನಾಯಿತು ಎಂಬ ವರದಿ ಕೇಳಿದ್ದಾರಾ? ನಿಮ್ಮ ಪ್ರಾಜೆಕ್ಟ್ ಕೊನೆಗೆ ಯಾವ ರೂಪದಲ್ಲಿ ಇರಬೇಕು ಎಂಬುದು ಇಲ್ಲಿಂದಲೇ ಗೊತ್ತಾಗುತ್ತದೆ.

2. ಹಳೆಯ ಕೆಲಸದಲ್ಲಿ ಪದೇ ಪದೇ ಕಂಡ ಒಂದು ತಪ್ಪು ಹಿಡಿಯಿರಿ

ಇಡೀ ಯೋಜನೆಯಲ್ಲಿ ಇದೇ ಮುಖ್ಯವಾದ ಹಂತ. ಇಲ್ಲಿ ಆತುರ ಬೇಡ.

ಸಾಮಾನ್ಯವಾಗಿ ಬರುವ ಶೀರ್ಷಿಕೆ ಹೀಗಿರುತ್ತದೆ: "ಗ್ರಾಮೀಣ ಶಾಲೆಗಳಲ್ಲಿ ಡಿಜಿಟಲ್ ಕಲಿಕೆಯ ಪರಿಣಾಮ: ಒಂದು ಅಧ್ಯಯನ". ಇದು ನಾಲ್ಕು ವರ್ಷದ ಪಿಎಚ್‌.ಡಿ.ಗೂ ಹಿಡಿಸುವುದಿಲ್ಲ. ಗಣಿತ ಹೇಳಿದವರು ನೀವಾದರೆ ಒಂದು ವಿಷಯ ನಿಮಗೆ ಚೆನ್ನಾಗಿ ಗೊತ್ತು. ಏಳನೇ ತರಗತಿಗೆ ಬಂದ ಮೇಲೂ ಎಷ್ಟೋ ಮಕ್ಕಳು 1/2 + 1/3 ಕೊಟ್ಟರೆ 2/5 ಎಂದು ಬರೆಯುತ್ತಾರೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟರು. ನೀವು ಲ.ಸಾ.ಅ. ಹೇಳಿಕೊಡುತ್ತೀರಿ, ಪರೀಕ್ಷೆಯಲ್ಲಿ ಸರಿ ಮಾಡುತ್ತಾರೆ, ಎರಡು ತಿಂಗಳಾದ ಮೇಲೆ ಮತ್ತೆ 2/5. ಯಾಕೆ? 2/5 ಅರ್ಧಕ್ಕಿಂತ ಕಡಿಮೆ ಎಂಬುದು ಆ ಮಗುವಿಗೆ ಹೊಳೆದೇ ಇಲ್ಲ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗಲು ಹೇಗೆ ಸಾಧ್ಯ ಎಂದು ಯಾರೂ ಕೇಳಿಲ್ಲ.

ನಿಮ್ಮ ಪ್ರಾಜೆಕ್ಟ್ ಇಲ್ಲೇ ಇದೆ. ಕೂಡಿಸುವ ಮೊದಲೇ "ಉತ್ತರ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ" ಎಂದು ಅಂದಾಜು ಮಾಡಿಸುವ, ಆಮೇಲೆ ಸಮ ಭಾಗ ಮಾಡಿದ ಉದ್ದ ಪಟ್ಟಿಯ ಚಿತ್ರದಲ್ಲಿ ತೋರಿಸುವ ಹತ್ತು ನಿಮಿಷದ ಒಂದು ಚಟುವಟಿಕೆ. ಅದರಿಂದ 2/5 ಎಂಬ ಉತ್ತರ ಕಡಿಮೆಯಾಗುತ್ತದೆಯೇ ಎಂದು ನೋಡುವುದು. ಅಷ್ಟೇ.

ನರ್ಸಿಂಗ್ ಟ್ಯೂಟರ್ ಆಗಿದ್ದರೆ ಔಷಧಿ ಡೋಸ್ ಲೆಕ್ಕದಲ್ಲಿ ದಶಮಾಂಶ ಬಿಂದು ತಪ್ಪುವುದನ್ನು ಹಿಡಿಯಿರಿ. 0.5 ಮಿ.ಲೀ. ಹೋಗಿ 5 ಮಿ.ಲೀ. ಆದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬ್ಯಾಂಕಿನವರಾದರೆ, ಹೊಸದಾಗಿ ಸೇರಿದವರು ಕೆವೈಸಿ ಕಾಗದ ನೋಡುವಾಗ ಎಲ್ಲಿ ಎಡವುತ್ತಾರೆ ಎಂಬುದು ನಿಮ್ಮ ಬೆರಳ ತುದಿಯಲ್ಲಿದೆ.

ಎಚ್ಚರಿಕೆ: ಐಟಿಯಿಂದ ಬಂದವರು ಇಲ್ಲಿ ಒಂದೇ ಗುಂಡಿಗೆ ಬೀಳುತ್ತಾರೆ. ಹೊಸ ಆ್ಯಪ್ ಕಟ್ಟುತ್ತೇನೆ, ಹೊಸ ಎಲ್‌ಎಂಎಸ್ ಕಟ್ಟುತ್ತೇನೆ ಎಂದು ಸೆಮಿಸ್ಟರ್ ಪೂರ್ತಿ ಕೋಡ್ ಬರೆಯುತ್ತಾರೆ, ಕೊನೆಗೆ ಒಬ್ಬರೂ ಅದರಲ್ಲಿ ಏನನ್ನೂ ಕಲಿತಿರುವುದಿಲ್ಲ. ಮೇಷ್ಟ್ರುಗಳ ಗುಂಡಿ ಬೇರೆ: ಇಡೀ ಪಠ್ಯಪುಸ್ತಕಕ್ಕೆ ವಿಡಿಯೋ ಮಾಡಲು ಹೊರಡುವುದು.

ಟಾಪಿಕ್ ಗಟ್ಟಿ ಮಾಡುವ ಮುಂಚೆ ಈಗಾಗಲೇ ಏನಿದೆ ಎಂದು ನೋಡಿ. 2017ರಲ್ಲಿ ಶುರುವಾದ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿ ಪಠ್ಯಪುಸ್ತಕಕ್ಕೆ ಹೊಂದುವ ಸಾಮಗ್ರಿ ಇದೆ. ಕರ್ನಾಟಕದ ಶಿಕ್ಷಕರಿಗಾಗಿ ಮಾಡಿದ ಮುಕ್ತ ಸಂಪನ್ಮೂಲ ತಾಣ ಕೋಯರ್ ಇದೆ. ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ (ತೆರೆಯ ಮೇಲೆ ತಾವೇ ಮಾಡಿ ನೋಡುವ ಪ್ರಯೋಗಗಳು) ಹಲವು ಕನ್ನಡದಲ್ಲೂ ಇವೆ, ಭಿನ್ನರಾಶಿಯ ಮೇಲೂ ಇವೆ. ಚಿಕ್ಕ ಮಕ್ಕಳ ಓದಿನ ಕೆಲಸವಾದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಮುಕ್ತ ಪರವಾನಗಿಯ ಕನ್ನಡ ಕಥೆಗಳು ಸಿಗುತ್ತವೆ. ಇರುವುದನ್ನು ತೆಗೆದುಕೊಂಡು ಅದರ ಸುತ್ತ ಒಳ್ಳೆಯ ಪ್ರಶ್ನೆ ಕಟ್ಟಿದರೂ ಅದು ಪ್ರಾಜೆಕ್ಟೇ.

3. ಎಲ್ಲ ಸೆಮಿಸ್ಟರಿಗೂ ಒಂದೇ ಸಮಸ್ಯೆ

ಮೊದಲ ಸೆಮಿಸ್ಟರಿನಲ್ಲಿ ಭಿನ್ನರಾಶಿ, ಎರಡನೆಯದರಲ್ಲಿ ಪರಿಸರ ಜಾಗೃತಿಯ ಪೋಸ್ಟರ್, ಮೂರನೆಯದರಲ್ಲಿ ಎಐ ಚಾಟ್‌ಬಾಟ್. ಹೀಗೆ ಹಾರಿದರೆ ಕೊನೆಗೆ ನಿಮ್ಮ ಕೈಯಲ್ಲಿ ಚೂರುಪಾರು ಉಳಿಯುತ್ತದೆ. ಬದಲಿಗೆ ಒಂದೇ ಸಮಸ್ಯೆಯನ್ನು ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಮುಂದುವರಿಸಿ. ಮೊದಲನೆಯದರಲ್ಲಿ ನೀಡ್ಸ್ ಅನಾಲಿಸಿಸ್, ಅಂದರೆ ನಿಜಕ್ಕೂ ಏನು ತೊಂದರೆ, ಯಾರಿಗೆ ಎಂದು ಪತ್ತೆ ಮಾಡುವುದು. ಮಕ್ಕಳ ಹಳೆಯ ಉತ್ತರ ಪತ್ರಿಕೆಗಳನ್ನು ಹೆಸರು ಮುಚ್ಚಿ ನೋಡಿದರೂ ಬೇಕಾದಷ್ಟು ಸಿಗುತ್ತದೆ. ಎರಡನೆಯದರಲ್ಲಿ ವಿನ್ಯಾಸ ಮತ್ತು ಒಂದು ಮಾದರಿ. ಮೂರನೆಯದರಲ್ಲಿ ತರಗತಿಯಲ್ಲಿ ಪ್ರಯೋಗ. ಕೊನೆಯದು ಕ್ಯಾಪ್‌ಸ್ಟೋನ್, ಇಡೀ ಕೋರ್ಸಿನ ಕಲಿಕೆಯನ್ನು ಒಂದು ಕಡೆ ತರುವ ದೊಡ್ಡ ಪ್ರಾಜೆಕ್ಟ್. ಅದರಲ್ಲಿ ತಿದ್ದಿದ ಆವೃತ್ತಿಯನ್ನು ಬೇರೆ ಶಾಲೆಯಲ್ಲಿ ಬಳಸಿ ಹೋಲಿಸಿ.

ಪುಸ್ತಕದಲ್ಲಿ ಇದನ್ನೇ ಆ್ಯಡಿ ಮಾದರಿ ಎನ್ನುತ್ತಾರೆ: ವಿಶ್ಲೇಷಣೆ, ವಿನ್ಯಾಸ, ತಯಾರಿ, ಬಳಕೆ, ಮೌಲ್ಯಮಾಪನ. 1970ರ ದಶಕದಲ್ಲಿ ಅಮೆರಿಕದ ಸೈನ್ಯದ ತರಬೇತಿಗಾಗಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕ್ರಮ. ಐದು ಹೆಸರು ಬಾಯಿಪಾಠ ಆದರೆ ಸಾಲದು. ಮೌಲ್ಯಮಾಪನ ಕೊನೆಯಲ್ಲಿ ಬರೆದಿದೆ ಎಂದು ಕೊನೆಗೇ ಬಿಟ್ಟರೆ ಕೆಟ್ಟಿರಿ. ಪ್ರತಿ ಹಂತದಲ್ಲೂ ಇಬ್ಬರು ಮೂವರಿಗೆ ತೋರಿಸಿ ಕೇಳುತ್ತಿರಿ.

ಗೈಡ್ ಹತ್ತಿರ ಈ ಇಡೀ ನಕ್ಷೆಯನ್ನು ಮೊದಲೇ ಒಂದು ಪುಟದಲ್ಲಿ ತೋರಿಸಿ. ಅವರು ನಿಮಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಇರಲಿ ಬಿಡಿ. ಸಂಶೋಧನಾ ವಿಧಾನದಲ್ಲಿ ಅವರ ಮಾತು ಕೇಳಿ, ತರಗತಿಯ ವಿಷಯದಲ್ಲಿ ನಿಮ್ಮ ಮಾತು ಗಟ್ಟಿಯಾಗಿ ಹೇಳಿ.

4. ಶಾಲೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ದಿನ ಹಾಕಿ

ವಿಶ್ವವಿದ್ಯಾಲಯದ ಸೆಮಿಸ್ಟರಿಗೂ ಶಾಲೆಯ ವರ್ಷಕ್ಕೂ ತಾಳೆಯೇ ಆಗುವುದಿಲ್ಲ. ಕರ್ನಾಟಕದ ಶಾಲೆಗಳು ಜೂನ್ ಹೊತ್ತಿಗೆ ಶುರುವಾಗುತ್ತವೆ. ಮೊದಲ ಎರಡು ವಾರ ದಾಖಲಾತಿ, ಪುಸ್ತಕ ಹಂಚಿಕೆ. ಆಮೇಲೆ ಆಗಸ್ಟ್ ಹದಿನೈದರ ತಯಾರಿ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆ. ಚುನಾವಣೆ, ಗಣತಿ ಬಂದರೆ ಮೇಷ್ಟ್ರೇ ಇರುವುದಿಲ್ಲ. ನಿಮಗೆ ನಿಜಕ್ಕೂ ಸಿಗುವುದು ಜುಲೈಯಲ್ಲಿ ಒಂದಷ್ಟು ವಾರ, ನವೆಂಬರ್‌ನಿಂದ ಜನವರಿ ಮಧ್ಯದವರೆಗೆ ಒಂದಷ್ಟು ವಾರ.

ಹತ್ತನೇ ತರಗತಿ ಬೇಡವೇ ಬೇಡ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಂತೆ ಯಾವ ಹೆಡ್‌ಮಾಸ್ಟರೂ ಒಂದು ಪೀರಿಯಡ್ ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಬಾರದು ಕೂಡ.

5. ಅನುಮತಿ

ಸರ್ಕಾರಿ ಶಾಲೆಯಾದರೆ ಮೊದಲು ಹೆಡ್‌ಮಾಸ್ಟರ್ ಹತ್ತಿರ ಬಾಯಿಮಾತಿನಲ್ಲಿ ಮಾತಾಡಿ, ಆಮೇಲೆ ಗೈಡ್ ಸಹಿ ಇರುವ ಲೆಟರ್‌ಹೆಡ್ ಪತ್ರ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ. ಕಚೇರಿಯಲ್ಲಿ ಕೊಟ್ಟ ಪತ್ರದ ನಕಲಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೂ ಒಂದು ಮಾತು ಹೇಳಿದರೆ ಆಮೇಲೆ ತಕರಾರು ಬರುವುದಿಲ್ಲ. ಇದಕ್ಕೆಲ್ಲ ಒಂದು ತಿಂಗಳು ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿ. ಖಾಸಗಿ ಶಾಲೆಯಾದರೆ ಆಡಳಿತ ಮಂಡಳಿಯ ಒಪ್ಪಿಗೆ. ನೀವೇ ಪಾಠ ಮಾಡುವ ಶಾಲೆಯಾದರೂ ಕಾಗದದ ಮೇಲೆ ಒಪ್ಪಿಗೆ ಇರಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಸುಲಭದ ದಾರಿ ಎಂದರೆ ಹೆಸರು, ಫೋಟೋ, ಫೋನ್ ನಂಬರ್ ಏನನ್ನೂ ತೆಗೆದುಕೊಳ್ಳದೇ ಇರುವುದು. ಮ1, ಮ2 ಎಂದು ಸಂಕೇತ ಕೊಡಿ. ಪೋಷಕರ ಚೀಟಿ ಸರಳ ಕನ್ನಡದಲ್ಲಿ, ಅರ್ಧ ಪುಟ ಮೀರದಂತೆ ಇರಲಿ. ಮಕ್ಕಳ ಮುಖ ಕಾಣುವ ಫೋಟೋವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಸುಮ್ನೆ ಖುಷಿಗೆ ಹಾಕಿದ್ದೂ ಆಮೇಲೆ ತಲೆನೋವಾಗುತ್ತದೆ.

6. ತಯಾರಿ: ಕಮ್ಮಿ ಸಾಧನ, ಕರೆಂಟ್ ಇಲ್ಲದಿದ್ದರೂ ನಡೆಯಬೇಕು

ಒಂದೇ ಸಾಧನ ಆರಿಸಿಕೊಂಡು ಅದನ್ನೇ ಚೆನ್ನಾಗಿ ಕಲಿಯಿರಿ. ಎಚ್5ಪಿ ಒಳ್ಳೆಯ ಆರಂಭ: ಪ್ರಶ್ನೆ, ಎಳೆದು ಕೂರಿಸುವ ಚಟುವಟಿಕೆ, ನಡುವೆ ನಿಂತು ಪ್ರಶ್ನೆ ಕೇಳುವ ವಿಡಿಯೋ, ಇವನ್ನೆಲ್ಲ ಕೋಡ್ ಇಲ್ಲದೆ ಮಾಡಬಹುದು. ಲೂಮಿ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದರೆ ಅದನ್ನು ಒಂದೇ ಫೈಲ್ ಆಗಿ ಉಳಿಸಿ, ಪೆನ್‌ಡ್ರೈವ್‌ನಲ್ಲಿ ಒಯ್ದು, ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನ ಬ್ರೌಸರಿನಲ್ಲೇ ತೆರೆಯಬಹುದು. ಗಣಿತಕ್ಕೆ ಜಿಯೋಜೀಬ್ರಾ ಇದೆ. ಕಂಪನಿ ತರಬೇತಿ ಕಡೆ ಹೋಗುವವರು ಸ್ಕಾರ್ಮ್ ಎಂಬುದನ್ನೂ ತಿಳಿದಿರಿ. ಒಂದು ಕಡೆ ಮಾಡಿದ ಪಾಠ ಯಾವ ಎಲ್‌ಎಂಎಸ್‌ನಲ್ಲಾದರೂ ಓಡಲಿ, ಅಂಕ ದಾಖಲಾಗಲಿ ಎಂದು ಮಾಡಿದ ಪ್ಯಾಕಿಂಗ್ ನಿಯಮ ಅದು.

ಕನ್ನಡದಲ್ಲಿ ಪಾಠ ಮಾಡುವವರು ಎಡವುವ ಜಾಗಗಳು ಬೇರೆಯೇ ಇವೆ, ಇಂಗ್ಲಿಷ್ ಟ್ಯುಟೋರಿಯಲ್‌ಗಳಲ್ಲಿ ಇವು ಸಿಗುವುದಿಲ್ಲ.

ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಗಳನ್ನು ಹಾಗೇ ಅಂಟಿಸಿದರೆ ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯೇ ಎಂದು ಸಾಲು ಸಾಲಾಗಿ ಓದಿ. ಯುನಿಕೋಡ್‌ನಲ್ಲೂ ಒಂದು ಕಿತಾಪತಿ ಇದೆ. "ಕೊ" ಎಂಬುದನ್ನು ಒಕಾರದ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಹಾಕಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ ಅನ್ನಿಸಬಹುದು. ಮಗು ಸರಿ ಉತ್ತರ ಟೈಪ್ ಮಾಡಿದ್ದರೂ "ತಪ್ಪು" ಎಂದು ಬಂದರೆ ಕಾರಣ ಹೆಚ್ಚಾಗಿ ಇಂಥದ್ದೇ, ಇಲ್ಲವೇ ಅಕ್ಷರಗಳನ್ನು ಬಿಡಿಸಲು ನಡುವೆ ಕೂರುವ, ಕಣ್ಣಿಗೆ ಕಾಣದ ಒಂದು ಚಿಹ್ನೆ. ಅದಕ್ಕೇ ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಕಮ್ಮಿ ಮಾಡಿ, ಆರಿಸುವ, ಎಳೆದು ಕೂರಿಸುವ ಪ್ರಶ್ನೆ ಜಾಸ್ತಿ ಇಡಿ. ಕನ್ನಡ ಟೈಪಿಂಗ್ ಬಾರದ ಮಕ್ಕಳಿಗೂ ಇದೇ ಅನುಕೂಲ.

ತೆರೆಯ ಮೇಲೆ ಉದ್ದುದ್ದ ಸಾಲು ಬರೆದು ಅದನ್ನೇ ಧ್ವನಿಯಲ್ಲಿ ಓದಿ ಹೇಳುವ ಅಭ್ಯಾಸ ಬಿಡಿ. ಚಿತ್ರದ ಜೊತೆ ಮಾತು ಇದ್ದಾಗ ಅದೇ ಮಾತು ಅಕ್ಷರದಲ್ಲೂ ಇದ್ದರೆ ಕಲಿಕೆಗೆ ಅಡ್ಡಿಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಮತ್ತು ಜೊತೆಗಾರರ ಪ್ರಯೋಗಗಳು ಹೇಳುತ್ತವೆ. ಚಿತ್ರ ಮತ್ತು ಧ್ವನಿ ಸಾಕು. ಕಿವಿ ಕೇಳದವರಿಗೆ ಬೇಕಾದಾಗ ಹಾಕಿಕೊಳ್ಳುವಂಥ ಅಡಿಬರಹ ಪ್ರತ್ಯೇಕವಾಗಿರಲಿ.

ಎಐ ಬಳಸಿದರೆ ಬಳಸಿದ್ದೇನೆ ಎಂದು ಬರೆಯಿರಿ, ವಿಶ್ವವಿದ್ಯಾಲಯದ ನಿಯಮವನ್ನೂ ನೋಡಿಕೊಳ್ಳಿ. ಅದು ಕೊಡುವ ಕನ್ನಡವನ್ನು ಒಂದು ಮಗುವಿನ ಕೈಲಿ ಜೋರಾಗಿ ಓದಿಸಿ. ಮಗು ತಡವರಿಸಿದ ಕಡೆಯೆಲ್ಲ ತಿದ್ದಬೇಕು ಎಂದರ್ಥ.

7. ಪ್ರಯೋಗ ಮತ್ತು ಅಳತೆ

ಪೈಲಟ್ ಎಂದರೆ ದೊಡ್ಡ ಪ್ರಯೋಗಕ್ಕೆ ಮುಂಚಿನ ಚಿಕ್ಕ ಪರೀಕ್ಷೆ. ನಾಲ್ಕೈದು ಮಕ್ಕಳನ್ನು ಕೂರಿಸಿ, ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತು ನೋಡಿ. ಮೇಷ್ಟ್ರಾಗಿದ್ದವರಿಗೆ ಇದು ಬಹಳ ಕಷ್ಟ, ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಮಗು ಎಲ್ಲಿ ನಿಂತಿತು, ಯಾವ ಬಟನ್ ಕಾಣಲಿಲ್ಲ, ಯಾವ ಪದ ಅರ್ಥವಾಗಲಿಲ್ಲ, ಬರೆದುಕೊಳ್ಳಿ.

ಆಮೇಲೆ ಇಡೀ ತರಗತಿ. ಚಟುವಟಿಕೆಗೆ ಮುಂಚೆ ಒಂದು ಪ್ರೀ-ಟೆಸ್ಟ್, ಆದ ಮೇಲೆ ಒಂದು ಪೋಸ್ಟ್-ಟೆಸ್ಟ್. ಎರಡರಲ್ಲೂ ಅದೇ ಲೆಕ್ಕ ಕೊಟ್ಟರೆ ಮಕ್ಕಳು ಉತ್ತರ ನೆನಪಿಟ್ಟು ಬರೆಯುತ್ತಾರೆ, ಸಂಖ್ಯೆ ಬದಲಿಸಿ. ಮೂರನೆಯ ಟೆಸ್ಟ್ ಮೂರು ನಾಲ್ಕು ವಾರ ಬಿಟ್ಟು ಇಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಂಪ್ಯೂಟರ್ ಮುಂದೆ ಕೂತ ಖುಷಿಗೇ ಮೊದಲ ವಾರ ಎಲ್ಲ ಚೆನ್ನಾಗಿ ಕಾಣುತ್ತದೆ. 2/5 ಮತ್ತೆ ಬಂತಾ ಇಲ್ಲವಾ ಎಂಬುದು ಗೊತ್ತಾಗುವುದು ಆ ಮೂರನೆಯ ಟೆಸ್ಟ್‌ನಲ್ಲೇ.

ಒಟ್ಟು ಅಂಕದ ಸರಾಸರಿ ಒಂದನ್ನೇ ತೋರಿಸಬೇಡಿ. ಆ ನಿರ್ದಿಷ್ಟ ತಪ್ಪನ್ನು ಎಷ್ಟು ಮಕ್ಕಳು ಮಾಡಿದರು, ಮೂರೂ ಟೆಸ್ಟ್‌ನಲ್ಲಿ, ಅದು ಮುಖ್ಯ. ಒಂದು ತರಗತಿಯ ಮೂವತ್ತು ಮಕ್ಕಳನ್ನು ಇಟ್ಟುಕೊಂಡು "ಸಾಬೀತಾಗಿದೆ" ಎಂದು ಬರೆಯುವ ಹಾಗಿಲ್ಲ. "ಈ ತರಗತಿಯಲ್ಲಿ ಹೀಗೆ ಕಂಡಿತು" ಎನ್ನಿ.

ದೊಡ್ಡವರ ತರಬೇತಿ ಮಾಡುವವರಿಗೆ ತರಬೇತಿಯ ಫಲ ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಮೆಟ್ಟಿಲು ಉಪಯೋಗಕ್ಕೆ ಬರುತ್ತದೆ: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಬಳಸಿದರಾ, ಸಂಸ್ಥೆಗೆ ಪ್ರಯೋಜನವಾಯಿತಾ. ಹೆಚ್ಚಿನ ಪ್ರಾಜೆಕ್ಟ್‌ಗಳು "ತುಂಬಾ ಚೆನ್ನಾಗಿತ್ತು ಮೇಡಂ" ಎಂಬ ಮೊದಲ ಮೆಟ್ಟಿಲಲ್ಲೇ ನಿಂತುಬಿಡುತ್ತವೆ. ಮೂರನೆಯದನ್ನು ಮುಟ್ಟಿದರೆ ಸಂದರ್ಶನದಲ್ಲಿ ನಿಮ್ಮ ಮಾತಿಗೆ ತೂಕ ಬರುತ್ತದೆ.

8. ವರದಿ ಒಂದು, ಪೋರ್ಟ್‌ಫೋಲಿಯೊ ಇನ್ನೊಂದು

ವರದಿಯನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ, ಪ್ರತಿ ಹಂತ ಮುಗಿದ ಕೂಡಲೇ ಆ ಅಧ್ಯಾಯ ಬರೆದುಬಿಡಿ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರ ನಿಯಮ ಇದೆ: 10% ವರೆಗಿನ ಹೋಲಿಕೆಗೆ ದಂಡ ಇಲ್ಲ, ಅದನ್ನು ಮೀರಿ 40% ವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದಕ್ಕೂ ಮೇಲೆ ಹೋದರೆ ಇನ್ನೂ ಬಿಗಿ. ಹಳೆಯ ಪ್ರಬಂಧಗಳ ಪೀಠಿಕೆಯನ್ನು ಎತ್ತಿ ಹಾಕುವವರು ಸಿಕ್ಕಿಬೀಳುವುದು ಇಲ್ಲೇ.

ಪೋರ್ಟ್‌ಫೋಲಿಯೊ ಎಂದರೆ ನಿಮ್ಮ ಕೆಲಸದ ಮಾದರಿಗಳನ್ನು ಒಂದು ಕಡೆ ಜೋಡಿಸಿಟ್ಟ ಪುಟ. ನೂರು ಪುಟದ ವರದಿಯನ್ನು ಕೆಲಸ ಕೊಡುವವರು ಓದುವುದಿಲ್ಲ. ಪ್ರತಿ ಪ್ರಾಜೆಕ್ಟ್‌ಗೆ ಒಂದೇ ಪುಟ ಸಾಕು: ಸಮಸ್ಯೆ ಏನಿತ್ತು, ನೀವು ಏನು ಮಾಡಿದಿರಿ, ಏನಾಯಿತು, ಯಾವುದು ಫಲ ಕೊಡಲಿಲ್ಲ. ಕೊನೆಯದನ್ನು ಬಿಡಬೇಡಿ, ಸಂದರ್ಶನದಲ್ಲಿ ಅದನ್ನೇ ಕೆದಕುತ್ತಾರೆ. ಜೊತೆಗೆ ಚಟುವಟಿಕೆ ಓಡುವುದನ್ನು ತೋರಿಸುವ ಎರಡು ನಿಮಿಷದ ಸ್ಕ್ರೀನ್ ರೆಕಾರ್ಡಿಂಗ್ ಇರಲಿ. ಚಿತ್ರ, ಧ್ವನಿ ಬೇರೆಯವರದಾದರೆ ಪರವಾನಗಿ ನಮೂದಿಸಿ.

ಲಿಂಕ್ ಕಳುಹಿಸುವ ಮುಂಚೆ ಮನೆಯಲ್ಲಿ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. "ಅನುಮತಿ ಕೇಳಿ" ಎಂದು ಬಂದರೆ ನಿಮ್ಮ ಅರ್ಜಿ ಅಲ್ಲಿಗೇ ನಿಂತಿತು, ಅದಕ್ಕೆ ಅನುಮತಿ ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಇನ್ನೊಂದು, ಕಡತಗಳೆಲ್ಲ ವಿಶ್ವವಿದ್ಯಾಲಯದ ಇಮೇಲ್ ಅಕೌಂಟ್‌ನಲ್ಲೋ ಅವರ ಮೂಡಲ್‌ನಲ್ಲೋ ಇದ್ದರೆ ಕೋರ್ಸ್ ಮುಗಿದ ಮೇಲೆ ಆ ಬಾಗಿಲು ಮುಚ್ಚಬಹುದು. ವೈವಾ (ಮೌಖಿಕ ಪರೀಕ್ಷೆ) ದಿನ ಗೊತ್ತಾದ ಕೂಡಲೇ, ಅದು ಮುಗಿಯಲಿ ಎಂದು ಕಾಯದೆ, ಎಲ್ಲದರ ನಕಲನ್ನು ನಿಮ್ಮ ಸ್ವಂತ ಅಕೌಂಟ್‌ಗೂ ಒಂದು ಪೆನ್‌ಡ್ರೈವ್‌ಗೂ ಇಳಿಸಿಕೊಳ್ಳಿ.